ನಾಲ್ಕನೆಯ ಹಸಿರು

ಬಸ್ಸು ಕಾಲುವೆಯ ಏರಿಯ ಮೇಲೆ ಹೋಗುತ್ತಿದ್ದಾಗ ವೀರ್ರಾಜುವಿಗೆ ಎರಡು ಹಸಿರು ಕಂಡವು. ಬಿಸಿಲು ತಡೆಯಲೆಂದು ಕಿಟಕಿಯ ಗಾಜಿಗೆ ಯಾರೋ ಅಂಟಿಸಿದ್ದ ಕಪ್ಪು ಹಾಳೆ ಅರ್ಧ ಕಿತ್ತುಹೋಗಿತ್ತು. ಮೇಲಿನ ಅರ್ಧದಲ್ಲಿ ಗದ್ದೆಗಳು ಗಾಢವಾಗಿ, ಕೆಳಗಿನ ಅರ್ಧದಲ್ಲಿ ಅವೇ ಗದ್ದೆಗಳು ತಿಳಿಯಾಗಿ, ಒಂದರ ಮೇಲೊಂದು ಹಿಂದಕ್ಕೆ ಹರಿಯುತ್ತಿದ್ದವು. ತಲೆ ತಗ್ಗಿಸಿದರೆ ಕೊಕ್ಕರೆ ಬಿಸಿಲಲ್ಲಿ ನಿಂತಂತೆ, ಎತ್ತಿದರೆ ಅದೇ ಕೊಕ್ಕರೆ ಸಂಜೆಯಲ್ಲಿ ನಿಂತಂತೆ. ಅವನು ತಲೆಯನ್ನು ಎತ್ತುತ್ತ ಇಳಿಸುತ್ತ ಕುಳಿತ. ಕಾಲುಗಳ ನಡುವೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನಿನ ಹೆಂಗಸು ಅದನ್ನೇ ನೋಡುತ್ತಿದ್ದವಳು, 'ಕುತ್ತಿಗೆ ಉಳುಕಿದೆಯಾ ಬಾಬು? ನಮ್ಮೂರಲ್ಲಿ ಒಬ್ಬಳು ಎಣ್ಣೆ ಹಚ್ಚಿ ತೆಗೀತಾಳೆ. ಒಂದೇ ಸಲ. ಆಮೇಲೆ ಕುತ್ತಿಗೆ ತಿರುಗೋದೇ ಇಲ್ಲ,' ಅಂದಳು. ಹಿಂದಿನ ಸೀಟಿನವರು ನಕ್ಕರು. ವೀರ್ರಾಜುವೂ ನಗಲು ನೋಡಿದ. ನಗು ಬರುವಷ್ಟರಲ್ಲಿ ತಡವಾಗಿ, ಅದನ್ನು ಎಲ್ಲಿಡುವುದೆಂದು ತಿಳಿಯದೆ, ಮಡಿಲಲ್ಲಿದ್ದ ಕ್ಯಾಮೆರಾ ಚೀಲದ ಪಟ್ಟಿಯನ್ನು ಬಿಗಿದು ಮತ್ತೆ ಸಡಿಲಿಸಿದ.

ಅಕ್ಕ ಮಂಗತಾಯಾರು ಫೋನು ಮಾಡಿದ್ದಳು. 'ನಿನ್ನ ಫಿಲ್ಮನ್ನ ಊರೆಲ್ಲ ದಿನಾ ನೋಡ್ತಾರೆ ಕಣೋ. ನಿಮ್ಮ ಭಾವ ಅಂತೂ ಅದು ಹೇಳಿದ ಮೇಲೇ ಗೊಬ್ಬರ ಮುಟ್ಟೋದು. ಒಂದ್ಸಲ ಬಂದು ಹೋಗು.' ಆ ಮಾತಿನ ನಡುವೆ, ಗೊಬ್ಬರಕ್ಕೂ ಮುಟ್ಟೋದಕ್ಕೂ ನಡುವೆ, ಅವಳು ಒಮ್ಮೆ ಉಸಿರು ತೆಗೆದುಕೊಂಡಿದ್ದಳು. ಲೈನು ಸರಿಯಿಲ್ಲವೆಂದುಕೊಂಡು ಅವನು 'ಹಲೋ ಹಲೋ' ಎಂದು ಕೂಗಿದ್ದ. 'ಇದೀನಿ ಇದೀನಿ, ಕೂಗ್ಬೇಡ,' ಎಂದಿದ್ದಳು. ಈಗ ಬಸ್ಸಿನ ಗಡಗಡದೊಳಗೆ ಆ ಉಸಿರು ಮತ್ತೆ ಕೇಳಿಸಿತು. ಜೊತೆಗೇ ಇನ್ನೊಂದು ದನಿ, ಅವನು ಕೆಲಸ ಮಾಡುವ ಕೃಷಿ ಕೇಂದ್ರದಲ್ಲಿ ಪಕ್ಕದ ಮೇಜಿನ ರತ್ನಕುಮಾರಿಯದು. ರೈತರಿಗೆಂದು ಅವನು ಮಾಡುವ ಫಿಲ್ಮುಗಳಿಗೆ ಮಾತು ಓದುವವಳು ಅವಳು. ಅಂದು ಊಟದ ಡಬ್ಬಿ ಬಿಚ್ಚುತ್ತ ಅವನ ಕಂಪ್ಯೂಟರಿನ ಕಡೆ ಬಗ್ಗಿ, 'ಸರ್, ಹಸಿರು ಸ್ವಲ್ಪ ಕಪ್ಪಾಗಿಲ್ವಾ?' ಎಂದಿದ್ದಳು. 'ನಿಮ್ಮ ಕಣ್ಣು ದೊಡ್ಡದೋ, ಯಂತ್ರದ ಲೆಕ್ಕ ದೊಡ್ಡದೋ?' ಎಂದು ಅವನು ಕೇಳಿದ್ದ. ಅವಳು ಡಬ್ಬಿಯ ಮುಚ್ಚಳವನ್ನು ಮತ್ತೆ ಮುಚ್ಚಿ, ಹೊರಗಿನ ಬೇವಿನ ಕಟ್ಟೆಗೆ ಹೋಗಿ ಒಬ್ಬಳೇ ಕೂತು ಉಂಡಿದ್ದಳು. ಅಂದಿನಿಂದ ಅವಳು ಅವನ ಪರದೆಯ ಕಡೆ ನೋಡುವುದನ್ನೇ ಬಿಟ್ಟಿದ್ದಳು.

ಆದರೆ ಅವಳು ಕೇಳುವ ಮೊದಲೇ ಅವನಿಗೆ ತಿಳಿದಿತ್ತು. ಫಿಲ್ಮು ಚಿಕ್ಕದು. ಭತ್ತದ ಎಲೆಯನ್ನು ಪ್ಲಾಸ್ಟಿಕ್ಕಿನ ಬಣ್ಣದ ಪಟ್ಟಿಯ ಮೇಲಿಟ್ಟು ನೋಡುವುದು ಹೇಗೆ ಎಂಬುದು, ಅಷ್ಟೆ. ಪಟ್ಟಿಯಲ್ಲಿ ತಿಳಿಯಿಂದ ಗಾಢದವರೆಗೆ ಸಾಲಾಗಿ ಹಸಿರು ಮನೆಗಳು; ಎಲೆ ನಾಲ್ಕನೆಯ ಹಸಿರಿಗಿಂತ ತಿಳಿಯಾಗಿದ್ದರೆ ಪೈರಿಗೆ ಹಸಿವು, ಯೂರಿಯಾ ಹಾಕಬೇಕು. ಸಮನಾಗಿದ್ದರೆ ಹೊಟ್ಟೆ ತುಂಬಿದೆ, ಸುಮ್ಮನಿರಬೇಕು. ತೋರಿಸುವುದಕ್ಕೆ ಯಾರಾದರೂ ಬೇಕಿತ್ತು. ಅಕ್ಕನನ್ನೇ ಅವಳ ಗದ್ದೆಯ ಬದುವಿನ ಮೇಲೆ ನಿಲ್ಲಿಸಿದ. ಕೇಂದ್ರದಲ್ಲಿದ್ದದ್ದು ಕ್ಯಾಸೆಟ್ಟಿನ ಹಳೆಯ ಕ್ಯಾಮೆರಾ. ಕ್ಯಾಮೆರಾ ಬಣ್ಣವನ್ನು ಬಣ್ಣವಾಗಿಯೇ ಎತ್ತಿಡುವುದಿಲ್ಲ. ಬೆಳಕನ್ನು ಬೇರೆ ಎತ್ತಿಡುತ್ತದೆ. ಆ ಬೆಳಕಿಗೆ ಕೆಂಪು ಎಷ್ಟು ದೂರ, ನೀಲಿ ಎಷ್ಟು ದೂರ ಎಂಬುದನ್ನು ಬೇರೆ ಎತ್ತಿಡುತ್ತದೆ. ಹಸಿರನ್ನಂತೂ ಇಡುವುದೇ ಇಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಬರುವಾಗ ಇವೆಲ್ಲ ಸೇರಿ ಹಸಿರು ಹೊಸದಾಗಿ ಹುಟ್ಟಬೇಕು. ಹುಟ್ಟಿಸುವುದಕ್ಕೆ ಎರಡು ಲೆಕ್ಕಗಳಿವೆ: ಹಳೆಯ ಟಿ.ವಿ.ಯ ಚಿಕ್ಕ ಚಿತ್ರಕ್ಕೆ ಒಂದು, ಈಗಿನ ದೊಡ್ಡ ಚಿತ್ರಕ್ಕೆ ಇನ್ನೊಂದು. ಅವನು ಚಿಕ್ಕ ಚಿತ್ರವನ್ನು ಹಿಗ್ಗಿಸಿ ದೊಡ್ಡದು ಮಾಡಿದ್ದ. ಯಂತ್ರ ಅದರ ಅಳತೆ ನೋಡಿ ಹೊಸ ಲೆಕ್ಕ ಹಾಕಿತು. ಹಳೆಯದನ್ನು ಆರಿಸು ಎಂದು ಅವನು ಹೇಳಬೇಕಿತ್ತು, ಹೇಳಿಯೂ ನೋಡಿದ. ಒತ್ತಿದರೆ ಹಳೆಯದು, ಮತ್ತೆ ಒತ್ತಿದರೆ ಹೊಸದು. ಹಳೆಯದರಲ್ಲಿ ಅಕ್ಕನ ಮುಖದ ರಕ್ತ ಇಳಿದುಹೋಗಿ, ಅರಗಿನ ಬಣ್ಣದ ಸೀರೆಯೊಳಗೆ ಅವಳು ಬೂದಿ ಹಚ್ಚಿದಂತೆ ನಿಂತಿದ್ದಳು. ಹೊಸದರಲ್ಲಿ ಸೀರೆ ಕುಂಕುಮವಾಗಿ, ಕೆನ್ನೆಗೆ ರಕ್ತ ಏರಿ, ತುಟಿ ತುಂಬಿ, ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾಲುವೆಗೆ ಹೋಗುತ್ತಿದ್ದ ಅಕ್ಕ ಬಂದು ನಿಲ್ಲುತ್ತಿದ್ದಳು. ಒತ್ತಿದ, ಮತ್ತೆ ಒತ್ತಿದ. ಪರದೆಯೊಳಗೆ ಅವಳು ಉಸಿರಾಡಿದಂತೆ ಬಣ್ಣ ಬಂದು ಹೋಯಿತು, ಬಂದು ಹೋಯಿತು. ಗದ್ದೆಯ ಕಡೆ ಅವನು ನೋಡಲೇ ಇಲ್ಲ. ಬಣ್ಣ ಬಂದಿದ್ದಾಗ ನಿಲ್ಲಿಸಿದ.

ಅಕ್ಕನ ಊರು ಕೋಡೇರುಲಂಕದಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದು. ಹಾಲಿನ ಕೇಂದ್ರದ ಮುಂದೆ ಕ್ಯಾನುಗಳು ತೊಳೆದು ಬೋರಲು ಬಿದ್ದಿದ್ದವು. ಒಳಗೆ ಮಿಣಮಿಣ ಬೆಳಕು ಕಂಡು ಹೋದ. ಹಾಲು ಅಳೆಯುವ ಅಬ್ಬುಲು ಹೆಗಲ ಮೇಲಿನ ಟವಲಿನಿಂದ ಕಂಪ್ಯೂಟರಿನ ಗಾಜನ್ನು ತಿಕ್ಕುತ್ತಿದ್ದ. 'ಓಹೋ, ಬರ್ಬೇಕು ಬರ್ಬೇಕು! ನೋಡು ನಿನ್ನಿಂದ ನನಗೆ ಎಂಥ ಕೆಲಸ. ದಿನಾ ಒರೆಸ್ತೀನಿ, ದಿನಾ ಮೆತ್ತಿ ಹೋಗ್ತಾರೆ.'

'ಏನನ್ನ?'

'ಎಲೇನ.'

ಪರದೆಯಲ್ಲಿ ಅವನ ಫಿಲ್ಮು ನಿಂತಿತ್ತು. ಮೇಲೆ ಅಕ್ಕನ ಮುಖ, ಏನೋ ಹೇಳಲು ಹೊರಟು ಬಾಯಿ ಅರ್ಧ ತೆರೆದದ್ದು. ಕೆಳಗೆ ಅವಳ ಕೈಯಲ್ಲಿ ಪಟ್ಟಿ. ನಾಲ್ಕನೆಯ ಹಸಿರು ಇದ್ದ ಜಾಗದಲ್ಲಿ ಗಾಜಿನ ಮೇಲೆ ಒಣಗಿದ ರಸದ ಕಲೆ, ಬೆರಳುಗಳ ಜಿಡ್ಡು, ಒಂದರ ಮೇಲೊಂದು. ಅವನಿಗೆ ಅರ್ಥವಾಗುವ ಮೊದಲು ಒಬ್ಬ ಮುದುಕ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ದೇವರ ಕೋಣೆಗೆ ಬಂದವನಂತೆ ಟವಲು ಸೊಂಟಕ್ಕೆ ಸುತ್ತಿಕೊಂಡ, ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಭತ್ತದ ಎಲೆ ತೆಗೆದು ಗಾಜಿಗೆ ಒತ್ತಿಹಿಡಿದ, ಒಂದು ಕಣ್ಣು ಮುಚ್ಚಿದ. 'ಇನ್ನೂ ತಿಳಿಯಾಗೇ ಇದೆಯಲ್ಲೋ ಅಬ್ಬುಲು.'

'ಹಾಗಾದ್ರೆ ಇನ್ನೊಂದು ಚೀಲ ಎರಚು ಮಾವ. ಮಂಗತಾಯಾರಕ್ಕ ಅಲ್ಲಿಂದ ನೋಡ್ತಾ ಇದಾಳೆ, ಸುಳ್ಳು ಹೇಳೋಕಾಗಲ್ಲ.'

'ಎರಚ್ತೀನಪ್ಪ. ಕಳೆದ ಸಲ ಎರಚಿದ ಮೇಲೆ ಗದ್ದೆ ನವಿಲಿನ ಕುತ್ತಿಗೆ ಆಗಿದೆ. ಆದ್ರೂ ಇವಳ ಹಸಿರು ಇವಳದೇ.' ಮುದುಕ ಎಲೆಯನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಹೋದ.

'ನಮ್ಮ ಕೇಂದ್ರದವರು ಊರಿಗೆ ಪಟ್ಟಿ ಕೊಟ್ಟಿದ್ರಲ್ಲ,' ಎಂದ ವೀರ್ರಾಜು. ತನ್ನ ದನಿ ತನಗೇ ಬೇರೆ ಕೋಣೆಯಿಂದ ಬಂದಂತಿತ್ತು.

'ಎಲ್ಲಿ ಕೊಟ್ರು? ಬಂದಾಗ ಕೊಡ್ತೀವಿ ಅಂದ್ರು, ಬರಲೇ ಇಲ್ಲ. ಅದಕ್ಕೇನು, ಇದರಲ್ಲಿ ಪಟ್ಟಿ ಇದೆಯಲ್ಲ, ದೊಡ್ಡದಾಗಿ. ಈ ಉಪಾಯ ಹೊಳೆದಿದ್ದು ಯಾರಿಗೆ ಗೊತ್ತಾ? ನಿಮ್ಮ ಭಾವನಿಗೆ. ಗದ್ದೆಯಿಂದ ಎಲೆ ಕಿತ್ಕೊಂಡು ಬಂದು, ನಮ್ಮ ಬಾಮೈದನ ಫಿಲ್ಮಿಗಿಂತ ಪಟ್ಟಿ ಬೇಕಾ ಅಂತ ಫಟ್ ಅಂತ ಗಾಜಿಗೆ ಹಿಡಿದ್ರು ನೋಡು. ಅವತ್ತಿಂದ ಊರಿಗೆ ಊರೇ.' ಅಬ್ಬುಲು ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು ಮತ್ತೆ ತಿಕ್ಕಿದ. ಉಸಿರಿನ ಮಂಜಿನಲ್ಲಿ ಅಕ್ಕನ ಮುಖ ಮುಚ್ಚಿ, ನಿಧಾನಕ್ಕೆ, ಅಂಚಿನಿಂದ ಒಳಗೆ, ಕೆಂಪಗೆ ತೆರೆದುಕೊಂಡಿತು.

ಮನೆಯ ಕಡೆಗಿನ ಬದುವಿನ ಮೇಲೆ ನಡೆಯುತ್ತ ಅವನು ಪೈರನ್ನು ನೋಡಿದ. ಹಸಿರಲ್ಲಿ ನೀಲಿ ಬೆರೆತಿತ್ತು. ಎಲೆಗಳು ತಮ್ಮ ಭಾರಕ್ಕೆ ತಾವೇ ಬಾಗಿ, ಕೊಬ್ಬಿದ ಮಕ್ಕಳು ನಿದ್ದೆಗೆ ತೂಗುವ ಹಾಗೆ ತೂಗುತ್ತಿದ್ದವು. ಗಾಳಿ ಬಂದರೆ ಮೇಲಕ್ಕೇಳುವ ಚುರುಕಿಲ್ಲ. ಬುಡ ಬಿಡಿಸಿ ನೋಡಿದರೆ ಕಂದು ಜಿಗಿಹುಳು ಕೂತಿರಬಹುದು; ಅವನು ಬಿಡಿಸಲಿಲ್ಲ. ಇನ್ನೊಂದು ಸಲ ಯೂರಿಯಾ ಬಿದ್ದರೆ, ತೆನೆ ಬರುವ ಹೊತ್ತಿಗೆ ಒಂದು ಮಳೆ ಗಾಳಿ ಸಾಕು, ಇವೆಲ್ಲ ಮಲಗಿಬಿಡುತ್ತವೆ. ಮಲಗಿದ ಪೈರಿನ ಮೇಲೆ ನೀರು ನಿಂತು, ಕಾಳು ತೆನೆಯಲ್ಲೇ ಮೊಳೆಯುವ ವಾಸನೆ ಅವನ ಮೂಗಿಗೆ ಈಗಲೇ ಬಂತು. ಭಾವನ ಗದ್ದೆ, ಮುದುಕನ ಗದ್ದೆ, ಕಾಲುವೆಯ ಆಚೆಯವರದ್ದು. ಎಲ್ಲರ ಗದ್ದೆಯ ಮೇಲೂ ಅಕ್ಕ ಬಾಯಿ ಅರ್ಧ ತೆರೆದು ನಿಂತಿದ್ದಳು.

ಆ ಬಾಯಿ ಹಾಗೆ ಅರ್ಧ ತೆರೆದದ್ದನ್ನು ಹಿಂದೆಯೂ ನೋಡಿದ್ದ. ಭೀಮವರದ ಸ್ಟುಡಿಯೋದ ಮರದ ಕುರ್ಚಿಯ ಮೇಲೆ, ಅಕ್ಕನನ್ನು ವರನ ಕಡೆಯವರಿಗೆ ತೋರಿಸುವ ಫೋಟೋಕ್ಕೆಂದು. ಅಪ್ಪ ಹೊರಗೆ ಚುಟ್ಟ ಸೇದುತ್ತಿದ್ದರು. ಫೋಟೋ ಕಪ್ಪು ಬಿಳುಪು. ಅದು ಒಣಗಿದ ಮೇಲೆ ಸ್ಟುಡಿಯೋದವನು ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸಣ್ಣ ಬಟ್ಟಲಿನ ಗುಲಾಬಿ ನೀರಲ್ಲಿ ಅದ್ದಿ, ಅಕ್ಕನ ಕೆನ್ನೆಗೆ ಮುಟ್ಟಿಸಿದ. ಹುಡುಗ ವೀರ್ರಾಜು ಮೇಜಿನ ಅಂಚಿಗೆ ಗಲ್ಲ ಇಟ್ಟು ನೋಡುತ್ತಿದ್ದ. ಹತ್ತಿ ಮುಟ್ಟಿದಲ್ಲೆಲ್ಲ ಅಕ್ಕ ಜೀವ ತಳೆಯುತ್ತಿದ್ದಳು. ಹಿಂದೆ ಬೆಂಚಿನ ಮೇಲೆ ಕೂತಿದ್ದ ನಿಜವಾದ ಅಕ್ಕ ಮಾತ್ರ ಹಾಗೇ ಇದ್ದಳು. ಹೆಣ್ಣು ನೋಡಲು ಬಂದ ದಿನ ಭಾವನ ತಾಯಿ ಕಾಫಿ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು, 'ಫೋಟೋದಲ್ಲಿ ಕೆಂಪಗಿದ್ಲು,' ಎಂದಿದ್ದರು. ಒಳಗೆ ಅಕ್ಕ ಬಾಗಿಲ ಹಿಂದೆ ನಿಂತು ತನ್ನ ಮುಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಬದುವಿನ ಕೆಸರಲ್ಲಿ ಅವನ ಕಾಲು ಜಾರಿತು. ಸಾವರಿಸಿಕೊಂಡಾಗ ಮನೆಯ ಜಗಲಿ ಕಂಡಿತು. ಜಗಲಿಯ ಮೇಲೆ, ಗೋಡೆಗೆ ಒರಗಿಸಿ, ಯೂರಿಯಾ ಚೀಲಗಳು.

'ಏನಪ್ಪಾ ಬಾಮೈದ! ಫಿಲ್ಮ್ ಡೈರೆಕ್ಟ್ರು ನಡ್ಕೊಂಡು ಬರೋದಾ? ಹೇಳಿದ್ರೆ ಪಲ್ಲಕ್ಕಿ ಕಳಿಸ್ತಿದ್ನಲ್ಲ.' ಭಾವ ಸುಬ್ಬರಾಯುಡು ಚೀಲವೊಂದರ ಬಾಯಿಯ ಹೊಲಿಗೆ ಬಿಚ್ಚುತ್ತಿದ್ದರು. ಅವರದ್ದು ಕಾಲುವೆಯ ಆಚೆ ದಡಕ್ಕೆ ಕೇಳುವ ದನಿ. 'ಬಂದೆಯಲ್ಲ, ನೋಡು ಗದ್ದೇನ. ಹೋಗೋರು ಬರೋರು ಎಲ್ಲ ನಿಂತು ನೋಡಿ ಹೋಗ್ತಾರೆ. ಇವತ್ತು ಇನ್ನೊಂದು ಕೈ ಬಿದ್ರೆ ಮುಗೀತು. ಹೊತ್ತೇರೋದ್ರೊಳಗೆ ಕೂಲಿಯವರು ಬರ್ತಾರೆ.' ಒಳಗಿನಿಂದ ಅಕ್ಕನ ದನಿ: 'ಕಾಲು ತೊಳ್ಕೊಂಡು ಬಾರೋ, ಪೆಸರಟ್ಟು ಆರತ್ತೆ.'

ಅವನು ತಟ್ಟೆಯ ಮುಂದೆ ಕೂತ. ಹೇಳಬೇಕಾದ ಮಾತು ಬಾಯಲ್ಲಿತ್ತು. ಪೆಸರಟ್ಟು ಅದರ ಮೇಲೆ ಹೋಯಿತು. ಶುಂಠಿ ಚಟ್ನಿ ಗಂಟಲಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಅಕ್ಕ ಬಾಗಿಲ ಹೊಸ್ತಿಲ ಮೇಲೆ ಕೂತು ಬೀಸಣಿಗೆಯಿಂದ ಅವನಿಗೆ ಗಾಳಿ ಹಾಕುತ್ತಿದ್ದಳು. ಅಡಿಗೆಮನೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ಅವಳು ಒಮ್ಮೆ ಕಂಬ ಹಿಡಿದು ನಿಂತದ್ದನ್ನು ಅವನು ಕಂಡಿದ್ದ. ಈಗ ಅವಳನ್ನು ನೋಡಬೇಕೆಂದುಕೊಂಡ. ಆದರೆ ಅವಳ ಹಿಂದೆ ಅಂಗಳದ ಬೆಳಕು ಚೆಲ್ಲಿ, ಮುಖ ಕಪ್ಪಾಗಿ, ಕೂದಲಿನ ಅಂಚು ಮಾತ್ರ ಉರಿಯುತ್ತಿತ್ತು. ಆ ಕಪ್ಪಿನಲ್ಲಿ ಅವನು ತನಗೆ ಬೇಕಾದ ಮುಖವನ್ನು, ಪರದೆಯ ಮುಖವನ್ನು, ಇಟ್ಟುಕೊಂಡು ಉಣ್ಣತೊಡಗಿದ. ಹೀಗೇ ಅಲ್ಲವೇ ಎಷ್ಟೋ ವರ್ಷಗಳಿಂದ? ಬರುವುದು, ಉಣ್ಣುವುದು, ಚೆನ್ನಾಗಿದೀಯಾ ಅಂದರೆ ಚೆನ್ನಾಗಿದೀನಿ, ಬಸ್ಸಿಗೆ ಹೊತ್ತಾಯಿತು. ಹೊರಗೆ ಹೊಲಿಗೆಯ ದಾರ ಸರ್ರನೆ ಬಿಚ್ಚಿಕೊಂಡ ಸದ್ದು. ಬಿಳಿಯ ಕಾಳುಗಳು ಜಗಲಿಯ ನೆಲಕ್ಕೆ ಚೆಲ್ಲಿದ ಸದ್ದು, ಎಲ್ಲೋ ದೂರದ ಮಳೆಯಂತೆ.

'ಭಾವಾ, ಗೊಬ್ಬರ ಹಾಕ್ಬೇಡಿ.'

ಅವನೇ ಹೇಳಿದ್ದು. ಕೈ ತೊಳೆಯದೆ ಹೊರಗೆ ಬಂದು ನಿಂತಿದ್ದ.

'ಯಾಕೆ?'

'ಫಿಲ್ಮಲ್ಲಿ ಹಸಿರು ತಪ್ಪಿದೆ.'

'ಹಸಿರು ತಪ್ಪೋದು ಅಂದ್ರೇನು? ಎತ್ತು ದಾರಿ ತಪ್ಪಿತು ಅಂದ ಹಾಗೆ. ಹಸಿರು ಹಸಿರೇ.'

'ಅಲ್ಲಿರೋದಕ್ಕಿಂತ ಕಪ್ಪಾಗಿ ಕಾಣತ್ತೆ. ಅದಕ್ಕೆ ಹಿಡಿದ್ರೆ ಯಾವ ಎಲೆಯಾದ್ರೂ ತಿಳಿಯಾಗೇ ಕಾಣೋದು. ನಿಮ್ಮ ಪೈರಿಗೆ ಹಸಿವಿಲ್ಲ ಭಾವಾ. ಹೊಟ್ಟೆ ಬಿರಿಯೋಷ್ಟು ತಿಂದಿದೆ.'

ಸುಬ್ಬರಾಯುಡು ಬಿಳಿಯ ಕಾಳು ತುಂಬಿದ ಅಂಗೈಯನ್ನು ಹಾಗೇ ಹಿಡಿದು ನಿಂತರು. 'ಊರಿಗೆಲ್ಲ ನಮ್ಮ ಬಾಮೈದನ ಫಿಲ್ಮು, ನಮ್ಮ ಬಾಮೈದನ ಫಿಲ್ಮು ಅಂತ ಡಂಗುರ ಹೊಡ್ಕೊಂಡು ತಿರುಗಿದೀನಿ,' ಎಂದರು. ಕೂಗಲಿಲ್ಲ. ಅವರು ಕೂಗದೆ ಮಾತಾಡಿದ್ದನ್ನು ವೀರ್ರಾಜು ಕೇಳಿರಲಿಲ್ಲ. 'ಏನಾಯ್ತು? ಯಂತ್ರ ಕೆಟ್ಟಿತ್ತಾ?'

'ಇಲ್ಲ. ಹಳೇ ಕ್ಯಾಮೆರಾದ ಬಣ್ಣಕ್ಕೆ ಹೊಸ ಲೆಕ್ಕ ಬಿತ್ತು.'

'ತಿಳೀದೆ ಬಿತ್ತಾ?'

ತಿಳಿಯದೆ ಬಿತ್ತು ಎಂದರೆ ಮುಗಿಯುತ್ತಿತ್ತು. ಅವನ ನಾಲಗೆ ಆ ಮಾತಿನ ಆಕಾರಕ್ಕೆ ಬಂದೂ ಇತ್ತು. ಜಗಲಿಯ ಅಂಚಿನಲ್ಲಿ ಕೋಳಿಯೊಂದು ಯೂರಿಯಾ ಕಾಳನ್ನು ಕುಕ್ಕಿ, ಅದಲ್ಲವೆಂದು ತಿಳಿದು, ತಲೆ ಕೊಡವಿ ಹೋಯಿತು. 'ಎರಡೂ ಹಾಕಿ ನೋಡಿದ್ದೆ,' ಎಂದ. 'ಇದರಲ್ಲಿ ಅಕ್ಕ ಚೆನ್ನಾಗಿ ಕಾಣ್ತಿದ್ಲು.'

ಸುಬ್ಬರಾಯುಡು ಅಂಗೈಯ ಕಾಳನ್ನು ಚೀಲಕ್ಕೆ ಸುರಿದು ಕೈ ಕೊಡವಿದರು. 'ನಿಮ್ಮ ಮನೆಯವರಿಗೆಲ್ಲ ಇದೇ ಕೆಲಸವೇನಪ್ಪಾ? ಆವತ್ತು ಫೋಟೋ, ಇವತ್ತು ಫಿಲ್ಮು. ಆವತ್ತು ನಾನೊಬ್ಬ ಮೋಸ ಹೋದೆ. ಇವತ್ತು ಊರಿಗೇ ಮಾಡಿದೆ.'

'ಫೋಟೋದ ಮಾತು ಇವನಿಗ್ಯಾಕೆ ಅಂತೀರಿ?' ಅಕ್ಕ ಹೊಸ್ತಿಲಿನಿಂದ ಎದ್ದಿರಲಿಲ್ಲ. ಬೀಸಣಿಗೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. 'ಕೆನ್ನೆಗೆ ಬಣ್ಣ ಹಾಕು ಅಂದಿದ್ದು ನಾನೇ. ಅಪ್ಪ ಹೊರಗೆ ಹೋದಾಗ ಹೇಳಿದೆ. ಹಾಕಿದ ಮೇಲೆ, ಇನ್ನೂ ಸ್ವಲ್ಪ ಹಚ್ಚಣ್ಣಾ, ಅಂತನೂ ಅಂದೆ.'

'ಆಹಾ! ಇಷ್ಟು ವರ್ಷ ಆದ್ಮೇಲೆ ಹೇಳ್ತಿದೀಯ.'

'ನೀವು ಕೇಳಿದ್ದು ಯಾವಾಗ? ಆಡ್ಕೊಂಡಿದ್ದು ಬಿಟ್ಟು.'

ಇಬ್ಬರೂ ನಗಬಹುದೆಂದು ವೀರ್ರಾಜು ಕಾದ. ಯಾರೂ ನಗಲಿಲ್ಲ. ಅವನು ಚೀಲದಿಂದ ಲ್ಯಾಪ್‌ಟಾಪು ತೆಗೆದು, ಇಡಲು ಎತ್ತರದ ಜಾಗ ಕಾಣದೆ, ಯೂರಿಯಾ ಚೀಲಗಳ ಮೇಲೆಯೇ ಇಟ್ಟ. ಬೆರಳಿಗೆ ಚಟ್ನಿ ಮೆತ್ತಿತ್ತು. ಕೀಲಿಗಳ ಮೇಲೆ ಅದರ ಗುರುತು ಬಿತ್ತು. ಒಂದೇ ಪರದೆಯಲ್ಲಿ ಎರಡು ಚೌಕ ತೆರೆದ. ಎಡಕ್ಕೆ ಊರು ನೋಡುತ್ತಿದ್ದದ್ದು, ಬಲಕ್ಕೆ ಹಳೆಯ ಲೆಕ್ಕದ್ದು. ಇಬ್ಬರು ಮಂಗತಾಯಾರು ಒಂದೇ ಬದುವಿನ ಮೇಲೆ, ಒಟ್ಟಿಗೆ ಎಲೆ ಹಿಡಿದು, ಒಟ್ಟಿಗೆ ಬಾಯಿ ತೆರೆದರು. ಎಡಗಡೆಯ ಗದ್ದೆ ನವಿಲಿನ ಕುತ್ತಿಗೆ. ಬಲಗಡೆಯದು ಬರೀ ಗದ್ದೆ. ಎಡಗಡೆಯವಳು ಮದುವೆಗೆ ಹೊರಟವಳು; ಬಲಗಡೆಯವಳು ಎಲ್ಲಿಂದಲೋ ದಣಿದು ಬಂದವಳು.

ಸುಬ್ಬರಾಯುಡು ಬಗ್ಗಿ ನೋಡಿದರು. 'ಇದು ನಮ್ಮನೆಯವಳು,' ಎಂದು ಎಡಕ್ಕೆ ಬೆರಳಿಟ್ಟರು. 'ಇದ್ಯಾರು, ಆಸ್ಪತ್ರೆಯಿಂದ ಬಂದವಳ ಹಾಗೆ? ಇದೇ ತಪ್ಪು.'

'ಬಲಗಡೇದೇ ಸರಿ ಭಾವಾ.'

'ನೀನು ಹೇಳಿದ್ರೆ ಆಯ್ತಾ? ನಿನ್ನೆವರೆಗೂ ಅದು ಸರಿ, ಇವತ್ತು ಇದು ಸರಿ. ನಾಳೆ ಇನ್ನೊಂದು ತರ್ತೀಯ. ಯಾವುದನ್ನ ನಂಬ್ಲಿ ನಾನು?' ಅವರ ದನಿ ಮತ್ತೆ ದಡ ದಾಟಿತು. ಆಮೇಲೆ, ತಿಂಗಳಿಂದ ಹಾಲಿನ ಕೇಂದ್ರದಲ್ಲಿ ಮಾಡಿ ಮಾಡಿ ಕೈಗೆ ರೂಢಿಯಾಗಿದ್ದುದರಿಂದಲೋ ಏನೋ, ಅವರು ಪರೀಕ್ಷೆಗೆ ಕೈ ಚಾಚಿದರು. 'ಏಯ್, ಬಾರೇ ಇಲ್ಲಿ. ಇದರ ಪಕ್ಕ ನಿಂತ್ಕೋ.'

'ನನ್ನನ್ನೇನು ಎಲೆ ಅಂದ್ಕೊಂಡ್ರಾ?' ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತ ಬಂದಳು. ಹೊಸ್ತಿಲಿನಿಂದ ಚೀಲಗಳವರೆಗೆ ಬಂದು, ನಗು ನಿಲ್ಲಿಸಿ ಉಸಿರು ತೆಗೆದುಕೊಂಡಳು. ಸುಬ್ಬರಾಯುಡು ಅವಳ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ಪರದೆಯ ಕಡೆ ತಿರುಗಿಸಿದರು, ಒಂದು ಕಣ್ಣು ಮುಚ್ಚಿದರು. ಎಡದ ಮುಖದ ಪಕ್ಕ ಅವಳ ಮುಖ, ಬಲದ ಮುಖದ ಪಕ್ಕ ಅವಳ ಮುಖ. ಜಗಲಿಯ ಬೆಳಕು ಹಿಂದಿನಿಂದಲ್ಲ, ನೇರ ಬೀಳುತ್ತಿತ್ತು. ವೀರ್ರಾಜುವೂ ನೋಡಿದ, ಈಗ ನೋಡದಿರಲು ಜಾಗವೇ ಇರಲಿಲ್ಲ. ತುಟಿ ತೊಳೆದ ಬಟ್ಟೆಯ ಬಣ್ಣ. ಕಣ್ಣಿನ ಕೆಳಗೆ ಕಂದು. ಸುಬ್ಬರಾಯುಡು ಅವಳ ಕೈಯೆತ್ತಿ ಉಗುರುಗಳನ್ನು ನೋಡಿದರು, ಅಂಗೈ ಮಗುಚಿ ನೋಡಿದರು, ಅಂಗೈಯನ್ನು ಬಲಗಡೆಯ ಚೌಕದ ಪಕ್ಕ ಗಾಜಿಗೆ ತಾಗಿಸಿ ಹಿಡಿದರು. ಬಹಳ ಹೊತ್ತು ಹಿಡಿದರು. ಪರದೆಯೊಳಗೆ ಅಕ್ಕನ ದನಿ ಸಣ್ಣಗೆ, 'ಎಲೆಯನ್ನು ಬಿಸಿಲಿನಲ್ಲಿ ಹಿಡಿದು ನೋಡಬಾರದು, ನಿಮ್ಮ ಮೈಯ ನೆರಳಿನಲ್ಲಿ ಹಿಡಿದು ನೋಡಬೇಕು,' ಎನ್ನುತ್ತಿತ್ತು.

'ಇದೇ,' ಎಂದರು ಸುಬ್ಬರಾಯುಡು.

ಕೈ ಬಿಡಲಿಲ್ಲ.

'ಯಾವಾಗಿಂದ ಹೀಗೆ?'

'ಯಾವ್ದು ಹೀಗೆ?'

'ಹೇಳೇ.'

'ನಾಟಿಗೆ ಮುಂಚಿನಿಂದ. ಮುಟ್ಟು ಬಂದ್ರೆ ನಿಲ್ತಾನೇ ಇಲ್ಲ,' ಎಂದು ಅಕ್ಕ ತಮ್ಮನ ಕಡೆ ನೋಡದೆ, ದನಿ ತಗ್ಗಿಸಿ ಹೇಳಿದಳು. 'ಮೆಟ್ಟಿಲು ಹತ್ತಿದ್ರೆ ಎದೆ ಹೊಡ್ಕೊಳ್ಳತ್ತೆ.'

'ಒಂದು ಮಾತು ಹೇಳ್ಬಾರ್ದಾ?'

'ಹೇಳೋಣ ಅಂತಿದ್ದೆ. ಬೆಳಗಾದ್ರೆ ನೀವು ಹಾಲಿನ ಕೇಂದ್ರಕ್ಕೆ ಹೋಗಿ ನನ್ನ ನೋಡಿ ಬರ್ತಿದ್ರಿ. ಎಷ್ಟು ಕಳೆಯಾಗಿದೀಯೇ ಅಂತ ಬಂದು ಹೇಳ್ತಿದ್ರಿ. ಕೇಳೋಕೆ ಚೆನ್ನಾಗಿತ್ತು.' ಅವಳು ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. 'ನಾನೂ ಎರಡು ಸಲ ಹೋಗಿ ನೋಡ್ಕೊಂಡು ಬಂದೆ.'

ಮೂವರೂ ಪರದೆಯನ್ನೇ ನೋಡುತ್ತಿದ್ದರು. ಫಿಲ್ಮು ಮುಗಿದು ಎರಡೂ ಚೌಕ ಕಪ್ಪಾದವು. ಆ ಕಪ್ಪಿನಲ್ಲಿ ಜಗಲಿಯ ಬೆಳಕು, ಕಂಬ, ಮೂರು ತಲೆಗಳು ಕಂಡವು, ಬಣ್ಣವಿಲ್ಲದೆ. ಅಂಗಳದಲ್ಲಿ ಸೈಕಲ್ಲಿನ ಗಂಟೆ. ಕೂಲಿಯವರು ಬಂದಿದ್ದರು, ತಲೆಗೆ ಟವಲು ಸುತ್ತಿ, ಬುಟ್ಟಿ ಹಿಡಿದು. 'ಏನು ದೊರೆ, ಶುರು ಮಾಡೋಣ್ವಾ?'

ಸುಬ್ಬರಾಯುಡು ಲ್ಯಾಪ್‌ಟಾಪನ್ನು ಎರಡು ಕೈಯಲ್ಲಿ ಎತ್ತಿ ಬಾಮೈದನ ಕೈಗಿಟ್ಟರು. ಬಿಚ್ಚಿದ್ದ ಚೀಲದ ಬಾಯನ್ನು ಮುರುಟಿ, ದಾರದಿಂದ ಬಿಗಿಯಾಗಿ ಕಟ್ಟಿದರು. 'ಇವತ್ತು ಇಲ್ಲ. ಕೂಲಿ ಬರತ್ತೆ, ಹೋಗಿ. ಹೋಗ್ತಾ ಅಬ್ಬುಲುಗೆ ಹೇಳಿ, ಆ ಕಂಪ್ಯೂಟರ್ ಆರಿಸು ಅಂತ. ಯಾರೂ ಎರಚ್ಬೇಡಿ ಅಂತ. ಯಾಕೆ ಅಂದ್ರೆ ನಾನೇ ಬಂದು ಹೇಳ್ತೀನಿ ಅನ್ನಿ.' ಆಮೇಲೆ ವೀರ್ರಾಜುವಿನ ಕಡೆ ತಿರುಗಿ, 'ನೀನೂ ಬರ್ತೀಯ ನನ್ನ ಜೊತೆ. ಮನೆ ಮನೆಗೆ. ನಾನೊಬ್ಬನೇ ಬೈಸ್ಕೊಳ್ಳೋಕಾಗಲ್ಲ,' ಎಂದರು. ಒಳಗೆ ಹೋಗಿ ಅಂಗಿ ಹುಡುಕುವ ಸದ್ದಾಯಿತು. 'ಏಯ್, ನನ್ನ ಬಿಳೀ ಅಂಗಿ ಎಲ್ಲಿ? ಸಂಜೆ ಡಾಕ್ಟ್ರ ಹತ್ರ ಹೋಗ್ಬೇಕು.' ಯಾರಿಗೆ, ಏಕೆ ಎಂದು ಅವರು ಹೇಳಲಿಲ್ಲ.

ಕ್ಯಾಮೆರಾ ಚೀಲಕ್ಕೆ ಲ್ಯಾಪ್‌ಟಾಪು ತುರುಕುವಾಗ ವೀರ್ರಾಜುವಿನ ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು. ಪಕ್ಕದ ಜೇಬಿನಲ್ಲಿ ಪ್ಲಾಸ್ಟಿಕ್ಕಿನ ಪಟ್ಟಿ. ಫಿಲ್ಮು ತೆಗೆದ ದಿನ ಅಕ್ಕನ ಕೈಯಿಂದ ಇಸಿದುಕೊಂಡು ಹಾಕಿದ್ದು, ಅಲ್ಲೇ ಉಳಿದಿತ್ತು. ಹಸಿರು ಮನೆಗಳನ್ನು ಹೆಬ್ಬೆರಳಿನಿಂದ ಒರೆಸಿದ. ಎಷ್ಟು ಸಪ್ಪೆಯಾದ ಹಸಿರು ಅದು. ಅದರೊಳಗಿಂದ ಏನೂ ಬೆಳಗುತ್ತಿರಲಿಲ್ಲ. ಹೊರಗಿನ ಬೆಳಕಿಗೆ ಕಾದು ಸುಮ್ಮನೆ ಬಿದ್ದಿತ್ತು.

'ತಾ ಇಲ್ಲಿ,' ಎಂದು ಅಕ್ಕ ಕೈ ಚಾಚಿದಳು. 'ಅವರು ಅಂಗಿ ಹುಡುಕೋಷ್ಟ್ರಲ್ಲಿ ನೋಡ್ಬಿಡೋಣ. ಹೋಗಿ ಹೇಳೋವಾಗ ಕೈಯಲ್ಲಿ ಏನಾದ್ರೂ ಇರ್ಬೇಕಲ್ಲ.'

ಮನೆಯ ಹಿಂದಿನ ಬದುವಿಗೆ ಇಬ್ಬರೂ ಇಳಿದರು. ಅಕ್ಕ ನಿಧಾನವಾಗಿ ನಡೆದಳು. ಅವನು ಅವಳಿಗಿಂತ ನಿಧಾನವಾಗಿ ನಡೆಯಲು ಕಲಿಯುತ್ತ ಹಿಂದೆ ಹೋದ. ಪೈರಿನ ನಡುವಿನ ಬದುವಿನ ಮೇಲೆ ನಿಂತು ಅವಳು ಒಂದು ಎಲೆಯನ್ನು ಕೀಳದೆ, ಬುಡದಲ್ಲೇ ಬಗ್ಗಿಸಿ, ಪಟ್ಟಿಯ ಮೇಲೆ ಇಟ್ಟಳು. ಬಿಸಿಲು ಪ್ಲಾಸ್ಟಿಕ್ಕಿನ ಮೇಲೆ ಬಿದ್ದು ಎಲ್ಲ ಹಸಿರೂ ಒಂದೇ ಬಿಳಿಯ ಮಿಂಚಾಯಿತು. ಅವಳು ಬೆನ್ನು ತಿರುಗಿಸಿ ತನ್ನ ನೆರಳು ತರಲು ನೋಡಿದಳು; ತಿರುಗಿದಾಗ ತಲೆ ಸುತ್ತಿತೋ ಏನೋ, ಒಂದು ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ವೀರ್ರಾಜು ಕೆಸರಿಗಿಳಿದು ಅವಳ ಭುಜ ಹಿಡಿದ. ಅವಳು ಇದ್ದಲ್ಲೇ ಕೂತಳು, ಬದುವಿನ ಅಂಚಿಗೆ, ಪಟ್ಟಿ ಮಡಿಲಲ್ಲಿ. ಅವನು ಸೂರ್ಯನಿಗೆ ಅಡ್ಡ ಬಂದು ನಿಂತ. ಅವನ ನೆರಳು ಮೊದಲು ಪೈರಿನ ಮೇಲೆ ಬಿತ್ತು, ಆಮೇಲೆ ಎಲೆಯ ಮೇಲೆ, ಪಟ್ಟಿಯ ಮೇಲೆ, ಅವಳ ಮುಖದ ಮೇಲೆ. ನೆರಳಿನೊಳಗೆ ಹಸಿರುಗಳು ಒಂದೊಂದಾಗಿ ಬೇರೆಯಾದವು. ಅಕ್ಕನ ಮುಖವೂ ತನ್ನ ಬಣ್ಣಕ್ಕೆ ಬಂತು. ಬಲಗಡೆಯ ಚೌಕದ ಬಣ್ಣ, ಅಂದು ಅವನು ನೋಡಲಾರದೆ ಒತ್ತಿ ಕಳಿಸಿದ್ದ ಬಣ್ಣವೇ ಅದು. ಅವಳು ಎಲೆಯ ಮೇಲೆ ಬಗ್ಗಿದಳು, ನಾಲ್ಕನೆ ಮನೆಯಿಂದ ಐದನೆಯದಕ್ಕೆ ಸರಿಸಿದಳು, ಮತ್ತೆ ಹಿಂದಕ್ಕೆ ತಂದಳು.

'ನಾಲ್ಕು ದಾಟಿದೆ,' ಎಂದಳು. 'ಇನ್ನೊಂದು ಎಲೆ ನೋಡ್ತೀನಿ.'

ಅವನ ಕಾಲು ಕೆಸರಿನಲ್ಲಿ ಸ್ವಲ್ಪ ಇಳಿಯಿತು. ಸಮನಾಗಿ ನಿಲ್ಲಲೆಂದು ಹೆಜ್ಜೆ ಎತ್ತಬೇಕೆಂದುಕೊಂಡ.

'ಅಲುಗಾಡ್ಬೇಡ ಕಣೋ,' ಎಂದಳು ಅಕ್ಕ, ತಲೆಯೆತ್ತದೆ. 'ಬಿಸಿಲು ಬೀಳತ್ತೆ.'

ಅವನು ನಿಂತ.